ಮೊಸಳೆ ಬಾಯಿಗೆ ಸಿಕ್ಕವನ ಕೂಗು

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಯಾವುದೋ ಇಂಗ್ಲಿಷ್ ಯುದ್ಧದ ಸಿನಿಮಾ. ಕೋಟೆಗೋಡೆಯ ಮೇಲಿಂದ ಒಬ್ಬ ಸೈನಿಕ ಕಿರುಚಿಕೊಂಡು ಕೆಳಗೆ ಬಿದ್ದ. ಅಕ್ಕನ ಮಗ ಕಿಸಕ್ಕನೆ ನಕ್ಕ. ನನಗೂ ತಡೆಯಲಾಗಲಿಲ್ಲ. ಅಕ್ಕನಿಗೆ ಸಿಟ್ಟು ಬಂತು. "ಅಲ್ಲಿ ಮನುಷ್ಯ ಸಾಯ್ತಿದಾನೆ, ಮಾವ ಅಳಿಯ ಸೇರ್ಕೊಂಡು ಹಲ್ಲು ಕಿಸೀತೀರಲ್ಲೋ!"

ತಪ್ಪು ನನ್ನದೇ. ಹುಡುಗನಿಗೆ ಆ ಕೂಗಿನ ಕಥೆ ಹೇಳಿಕೊಟ್ಟವನು ನಾನು.

ಆ ಕೂಗಿನ ಹೆಸರು ವಿಲ್ಹೆಲ್ಮ್ ಸ್ಕ್ರೀಮ್. ಮೊದಲು ಕೇಳಿಸಿದ್ದು 1951ರ 'ಡಿಸ್ಟಂಟ್ ಡ್ರಮ್ಸ್' ಎಂಬ ಹಾಲಿವುಡ್ ಚಿತ್ರದಲ್ಲಿ. ಸೈನಿಕರು ಜೌಗುನೆಲ ದಾಟುವಾಗ ಒಬ್ಬನನ್ನು ಮೊಸಳೆ ಎಳೆದುಕೊಳ್ಳುತ್ತದೆ. ಆ ಜಾಗಕ್ಕೆ ಬೇಕೆಂದು ಸ್ಟುಡಿಯೋದಲ್ಲಿ ಒಬ್ಬನಿಂದ ಸಾಲಾಗಿ ಹಲವು ಸಲ ಕಿರುಚಿಸಿ ಧ್ವನಿ ಹಿಡಿದಿಟ್ಟರು. ರೀಲು ವಾರ್ನರ್ ಬ್ರದರ್ಸ್ ಕಂಪನಿಯ ಧ್ವನಿ ಭಂಡಾರ ಸೇರಿತು. 1953ರ ಇನ್ನೊಂದು ಚಿತ್ರದಲ್ಲಿ ವಿಲ್ಹೆಲ್ಮ್ ಎಂಬ ಸೈನಿಕನ ಕಾಲಿಗೆ ಬಾಣ ನೆಟ್ಟಾಗ ಅದೇ ಕೂಗು ಬಂತು. ಹೆಸರು ಬಂದದ್ದು ಅಲ್ಲಿಂದ. ಎಪ್ಪತ್ತರ ದಶಕದಲ್ಲಿ ಬೆನ್ ಬರ್ಟ್ ಎಂಬ ಯುವ ಧ್ವನಿ ವಿನ್ಯಾಸಕ, ಹಳೆಯ ಸಿನಿಮಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದ ಈ ಕೂಗಿನ ಮೂಲ ರೀಲನ್ನು ಹುಡುಕಿ ತೆಗೆದ. ಅದನ್ನು 1977ರ 'ಸ್ಟಾರ್ ವಾರ್ಸ್'ನಲ್ಲಿ, ಪ್ರಪಾತಕ್ಕೆ ಬೀಳುವ ಸೈನಿಕನ ಬಾಯಿಗೆ ಇಟ್ಟ. ಆಮೇಲೆ ಇಂಡಿಯಾನಾ ಜೋನ್ಸ್ ಚಿತ್ರಗಳಿಗೂ ಹಾಕಿದ. ಧ್ವನಿ ವಿಭಾಗದ ಗೆಳೆಯರು ತಾವೂ ಶುರು ಮಾಡಿದರು. ಇವತ್ತು ಲೆಕ್ಕ ಹಾಕಿದರೆ ನೂರಾರು ಸಿನಿಮಾ.

ಕೂಗಿದ್ದು ಯಾರು? ಶೆಬ್ ವೂಲಿ ಎಂಬ ನಟ-ಗಾಯಕ ಎಂದು ಹಳೆಯ ಕಾಗದಪತ್ರಗಳ ಆಧಾರದ ಮೇಲೆ ನಂಬುತ್ತಾರೆ. 'ಡಿಸ್ಟಂಟ್ ಡ್ರಮ್ಸ್'ನಲ್ಲಿ ಅವನು ಸಣ್ಣದೊಂದು ಪಾತ್ರವನ್ನೂ ಮಾಡಿದ್ದ, ಆದರೆ ತೆರೆಯ ಮೇಲೆ ಅವನ ಹೆಸರಿಲ್ಲ. ಸಿನಿಮಾ ಇತಿಹಾಸದಲ್ಲೇ ಅತಿ ಹೆಚ್ಚು ಸಲ ಸತ್ತ ಗಂಟಲು, ಹೆಸರು ಮಾತ್ರ ಗೈರು.

ಈಗ ನನ್ನ ತಕರಾರಿಗೆ ಬರುತ್ತೇನೆ. ಫೇಸ್‌ಬುಕ್ ತೆರೆದರೆ ಸಾಕು, 'ಈ ಸಿನಿಮಾದಲ್ಲಿ ನೀವು ಗಮನಿಸದ 50 ಸಂಗತಿಗಳು' ಎಂಬ ವಿಡಿಯೋ. ಕೆಂಪು ವೃತ್ತ, ಕೆಂಪು ಬಾಣ, ಬೊಬ್ಬೆ ಹೊಡೆಯುವ ದನಿ. ಅದರಲ್ಲಿ ಮುಕ್ಕಾಲು ಪಾಲು, ಮುಂದಿನ ಭಾಗದ ಪ್ರಚಾರಕ್ಕೆಂದು ಕಂಪನಿಯೇ ತಂದಿಟ್ಟ ವಸ್ತುಗಳು. ಸಿಗಲೇಬೇಕೆಂದು ಇಟ್ಟದ್ದನ್ನು ಬಚ್ಚಿಟ್ಟದ್ದು ಅನ್ನುವುದು ಹೇಗೆ? ಕಣ್ಣಾಮುಚ್ಚಾಲೆ ಆಡುವಾಗ ಬಾಗಿಲ ಸಂದಿಯಿಂದ ಲಂಗ ಕಾಣುವ ಹಾಗೆ ನಿಂತು, ಯಾಕೋ ಯಾರೂ ಹುಡುಕ್ತಿಲ್ಲ ಎಂದು ಕೆಮ್ಮುವ ಮಗುವಿನ ಹಾಗೆ ಅದು. ಮಗುವಾದರೆ ಮುದ್ದು. ಸ್ಟುಡಿಯೋ ಅಲ್ಲ.

ನನಗೆ ಇಷ್ಟವಾಗುವುದು ಕೆಲಸಗಾರರು ತಮಗಾಗಿ ಅಡಗಿಸಿಟ್ಟದ್ದು. ಇಂಥ ಬಚ್ಚಿಟ್ಟ ತಮಾಷೆಗೆ 'ಈಸ್ಟರ್ ಎಗ್' ಎಂಬ ಹೆಸರು ಹುಟ್ಟಿದ್ದೇ ಹಾಗೆ, ಅದೂ ಸಿನಿಮಾದಲ್ಲಲ್ಲ, ವಿಡಿಯೋ ಗೇಮಿನಲ್ಲಿ. ಅಟಾರಿ ಕಂಪನಿ ಗೇಮ್ ಬರೆದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ 'ಅಡ್ವೆಂಚರ್' ಗೇಮಿನೊಳಗೆ ಕಣ್ಣಿಗೆ ಬೀಳದಂಥ ಒಂದು ಚುಕ್ಕಿ ಇಟ್ಟ. ಅದನ್ನು ಸರಿಯಾದ ಜಾಗಕ್ಕೆ ಹೊತ್ತೊಯ್ದರೆ ಒಂದು ಗುಟ್ಟಿನ ಕೋಣೆ. ಅಲ್ಲಿ ಇದನ್ನು ಮಾಡಿದವನು ವಾರನ್ ರಾಬಿನೆಟ್ ಎಂಬ ಬರಹ. ಆಟಗಾರನೊಬ್ಬ ಪತ್ತೆ ಮಾಡಿ ಕಂಪನಿಗೆ ಪತ್ರ ಬರೆಯುವಷ್ಟರಲ್ಲಿ ಈತ ಕೆಲಸ ಬಿಟ್ಟು ಹೋಗಿಯಾಗಿತ್ತು.

ಇದನ್ನು ಓದಿದಾಗ ನನಗೆ ಬೇಲೂರು ನೆನಪಾಗಿತ್ತು. ಅಲ್ಲಿ ಮದನಿಕೆಯ ತಲೆಯ ಮೇಲಿನ ಹಣ್ಣಿನಲ್ಲಿ ಒಂದು ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಇದೆ. ಗೈಡ್ ತೋರಿಸದಿದ್ದರೆ ಕಾಣುವುದೇ ಇಲ್ಲ. ಆದರೆ ಅದೇ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ರಾಜಾರೋಷವಾಗಿ ಹೆಸರು ಕೆತ್ತಿದ್ದಾರೆ. ಹನ್ನೆರಡನೇ ಶತಮಾನದ ರೂವಾರಿಗೆ ತಮಾಷೆಯೂ ಇತ್ತು, ಸಹಿಯೂ ಇತ್ತು. ಅಟಾರಿಯವನಿಗೆ ತಮಾಷೆಯನ್ನೇ ಸಹಿ ಮಾಡಿಕೊಳ್ಳಬೇಕಾಯಿತು.

ಹಿಚ್‌ಕಾಕ್ ವಿಷಯ ಬೇರೆ, ಆತ ನಿರ್ದೇಶಕ, ಅಂದರೆ ಧಣಿ. ತನ್ನ ಚಿತ್ರಗಳಲ್ಲಿ ಒಂದು ಗಳಿಗೆ ಸುಳಿದು ಹೋಗುವುದು ಅವನ ಚಟ. 1944ರ 'ಲೈಫ್‌ಬೋಟ್' ಪೂರ್ತಿ ನಡುಗಡಲಿನ ದೋಣಿಯಲ್ಲೇ ನಡೆಯುತ್ತದೆ, ಸುಳಿದು ಹೋಗುವುದು ಎಲ್ಲಿ? ದೋಣಿಯೊಳಗಿನ ಒಂದು ಹಳೆಯ ಪತ್ರಿಕೆಯಲ್ಲಿ ಬೊಜ್ಜು ಕರಗಿಸುವ ಔಷಧಿಯ ಜಾಹೀರಾತು ಮಾಡಿಸಿ, ಮೊದಲು ದಪ್ಪ, ಆಮೇಲೆ ಸಣ್ಣ ಎಂದು ತನ್ನದೇ ಎರಡು ಚಿತ್ರ ಹಾಕಿದ. ಇಲ್ಲದ ಆ ಔಷಧಿ ಎಲ್ಲಿ ಸಿಗುತ್ತೆಂದು ಜನ ಪತ್ರ ಬರೆದರಂತೆ! ಆದರೆ ಮುಂದೆ ಒಂದು ಬುದ್ಧಿವಂತಿಕೆ ಮಾಡಿದ. ನೋಡುವವರು ಕಥೆ ಬಿಟ್ಟು ತನ್ನನ್ನೇ ಹುಡುಕುತ್ತಾ ಕೂರುತ್ತಾರೆ ಎಂದು ಗೊತ್ತಾಗಿ, ಚಿತ್ರ ಶುರುವಾಗುತ್ತಿದ್ದಂತೆ ಬಂದು ಹೋಗತೊಡಗಿದ. ಅಕ್ಕನ ಸಿಟ್ಟಿನ ಅರ್ಥವೂ ಅದೇ ತಾನೆ.

ತೆರೆಮರೆಯ ಕಥೆಗಳೆಲ್ಲ ನಗಿಸುವುದಿಲ್ಲ. 1939ರ 'ದ ವಿಜಾರ್ಡ್ ಆಫ್ ಆಜ್'ನಲ್ಲಿ ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವನು ಬಡ್ಡಿ ಎಬ್ಸನ್. ಹಾಡುಗಳ ಧ್ವನಿಮುದ್ರಣವೂ ಮುಗಿದಿತ್ತು. ಮೈ ಲೋಹದಂತೆ ಕಾಣಲೆಂದು ಮುಖಕ್ಕೆ ಅಲ್ಯೂಮಿನಿಯಂ ಪುಡಿ ಬಳಿದರು. ಅದು ಉಸಿರಿನ ಜೊತೆ ಪುಪ್ಪುಸ ಸೇರಿ ಆಸ್ಪತ್ರೆಗೆ ಬಿದ್ದ. ಕಂಪನಿ ಜ್ಯಾಕ್ ಹೇಲಿಯನ್ನು ತಂದಿತು, ಪುಡಿಯ ಬದಲು ಲೇಪ ಮಾಡಿತು, ಚಿತ್ರ ಮುಗಿಸಿತು. ಆದರೆ ಗೆಳೆಯರೆಲ್ಲ ಸೇರಿ ಹಾಡುತ್ತಾ ಹೊರಡುವ ಹಾಡಿನ ಹಳೆಯ ಮುದ್ರಣ ಹಾಗೇ ಉಳಿಯಿತು. ಕಿವಿಗೊಟ್ಟು ಕೇಳಿ, 'ವಿಜಾರ್ಡ್' ಎನ್ನುವಾಗ ಒಬ್ಬನ ಬಾಯಲ್ಲಿ 'ರ' ಗಟ್ಟಿಯಾಗಿ ಬರುತ್ತದೆ. ಅದು ಎಬ್ಸನ್‌ದು ಎನ್ನುತ್ತಾರೆ. ತೆರೆಯ ಮೇಲೆ ಎಲ್ಲೂ ಇಲ್ಲದವನು ಹಾಡಿನೊಳಗೆ ಇದ್ದಾನೆ. ಇದನ್ನು ಯಾರೂ ಬೇಕೆಂದು ಬಚ್ಚಿಟ್ಟದ್ದಲ್ಲ, ಅದಕ್ಕೇ ಇರಬೇಕು, ನನ್ನನ್ನು ಇಷ್ಟು ಕಾಡುತ್ತದೆ.

ಅದೇ ಚಿತ್ರದ ಹಿನ್ನೆಲೆಯ ಕಾಡಿನಲ್ಲಿ ಒಬ್ಬ ನೇಣು ಹಾಕಿಕೊಂಡಿದ್ದಾನೆ ಎಂಬ ವಿಡಿಯೋ ನಿಮಗೂ ಬಂದಿರಬಹುದು. ಸುಳ್ಳು. ಕಾಡು ಜೀವಂತವಾಗಿ ಕಾಣಲೆಂದು ಬಿಟ್ಟಿದ್ದ ದೊಡ್ಡ ಹಕ್ಕಿ ರೆಕ್ಕೆ ಬಿಚ್ಚುವುದು ಅದು. ಎಬ್ಸನ್ ಕಥೆಗೆ ಸಿಗದ ಲೈಕು ಆ ಹಕ್ಕಿಗೆ ಸಿಗುತ್ತದೆ.

'ಜುರಾಸಿಕ್ ಪಾರ್ಕ್'ನ ರ‍್ಯಾಪ್ಟರ್‌ ಡೈನೋಸಾರ್‌ಗಳು ಒಂದನ್ನೊಂದು ಕೂಗುವ ಸದ್ದು ಆಮೆಗಳ ಮಿಲನದ್ದು ಎಂಬ ಸತ್ಯವನ್ನು ಮಾತ್ರ ಅಳಿಯನಿಗೆ ಇನ್ನೂ ಹೇಳಿಲ್ಲ. ಹತ್ತನೇ ಕ್ಲಾಸ್ ಮುಗಿಯಲಿ.

ಅಂದು ಯುದ್ಧದ ಸಿನಿಮಾ ಮುಗಿಯಿತು. "ಮಾವ, ಸೌಂಡ್ ಮಾಡಿದ್ದು ಯಾರು ನೋಡೋಣ" ಎಂದು ಹುಡುಗ ಟಿವಿ ಹತ್ತಿರ ಹೋಗಿ ನಿಂತ. ಹೆಸರುಗಳು ಬರತೊಡಗಿದವು. ಎರಡನೇ ಸಾಲಿಗೆ ಚಾನೆಲ್‌ನವರು ಇಡೀ ಪಟ್ಟಿಯನ್ನು ಕುಗ್ಗಿಸಿ ಮೂಲೆಗೆ ತಳ್ಳಿ, ಸೋಪಿನ ಜಾಹೀರಾತು ಹಾಕಿದರು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಇರುವೆ ಸಾಲಿನಂತೆ ಹೆಸರುಗಳು ಓಡಿದವು. ಅವನು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ.

"ಕಣ್ಣು ಹಾಳಾಗತ್ತೆ, ಬಾರೋ ಈಚೆ" ಎಂದು ಅಕ್ಕ ಟಿವಿ ಆರಿಸಿದಳು.