ಮಾಳಿಗೆಯ ರಾತ್ರಿ ಪಾಳಿ

ರಾಯಚೂರಿನಲ್ಲಿ ಬೇಸಿಗೆಯ ಹಗಲನ್ನು ಕಳೆಯುವುದು ಅಷ್ಟೇನೂ ಕಷ್ಟವಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಇಲ್ಲಿ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಮಧ್ಯಾಹ್ನ ಅಂಗಡಿಯವನು ಅರ್ಧ ಷಟರ್ ಎಳೆದು ಅಡ್ಡಾದರೆ ಅವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಕಷ್ಟವಿರುವುದು ರಾತ್ರಿಯದು. ಸೂರ್ಯ ಮುಳುಗಿದ ಹೊತ್ತಿಗೆ ಆರ್‌ಸಿಸಿ ಮಾಳಿಗೆಯ ಪಾಳಿ ಶುರುವಾಗುತ್ತದೆ. ಹಗಲೆಲ್ಲ ಕುಡಿದ ಬಿಸಿಲು ಐದಾರು ಇಂಚಿನ ಕಾಂಕ್ರೀಟನ್ನು ದಾಟಿ ಒಳಗಿಳಿಯಲು ಹಲವು ಗಂಟೆ ಬೇಕಾಗುವುದರಿಂದ, ನಾವು ಊಟ ಮುಗಿಸಿ ಹಾಸಿಗೆ ಬಿಡಿಸುವ ಸಮಯಕ್ಕೆ ಸರಿಯಾಗಿ ಅದು ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಒಲೆ ಆರಿಸಿದ ಮೇಲೂ ಕಡೆಯ ಜೋಳದ ರೊಟ್ಟಿಯನ್ನು ಬೇಯಿಸಿಕೊಡುವ ಹಂಚಿನ ಗುಣವೇ ಇದು. ಹಂಚು ಮೇಲೆ, ರೊಟ್ಟಿ ಕೆಳಗೆ ಎಂಬುದಷ್ಟೇ ವ್ಯತ್ಯಾಸ. ಗೇಣುಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಚೌಳು ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ ಇದ್ದ ಹಳೆಯ ಮನೆಗಳನ್ನು ನಮ್ಮ ಓಣಿಯವರೆಲ್ಲ ಸಂತೋಷದಿಂದಲೇ ಕೆಡವಿಸಿದ್ದಾರಾದ್ದರಿಂದ ಆ ವಿಷಯ ಇಲ್ಲಿಗೆ ಸಾಕು.

ನಿದ್ದೆ ಬರಬೇಕಾದರೆ ದೇಹದ ಒಳಗಿನ ಶಾಖ ಸುಮಾರು ಒಂದು ಡಿಗ್ರಿ ಇಳಿಯಬೇಕಂತೆ. ಅಂಗೈ, ಅಂಗಾಲುಗಳ ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸಿದರೆ ಮಾತ್ರ ಅದು ಸಾಧ್ಯ. ಆದರೆ ಕೋಣೆಯ ಗಾಳಿಯೇ ಚರ್ಮದಷ್ಟು ಬಿಸಿಯಾಗಿರುವಾಗ ಆ ಶಾಖ ಎಲ್ಲಿಗೆ ಹೋಗಬೇಕು? ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ, ಅಷ್ಟೇ. ಮೇ ತಿಂಗಳಲ್ಲಂತೂ ಅದು ಛಾವಣಿಗೆ ಅಂಟಿಕೊಂಡ ಬಿಸಿಯನ್ನು ಕಿತ್ತು ಮನೆಮಂದಿಗೆಲ್ಲ ಸಮನಾಗಿ ಹಂಚುವ ಕೆಲಸವನ್ನು ಬಹಳ ಪ್ರಾಮಾಣಿಕವಾಗಿ ಮಾಡುತ್ತದೆ.

ಆದ್ದರಿಂದ ನಮ್ಮ ಮನೆಗೆ ಮೊದಲು ಬಂದದ್ದು ಕೂಲರ್. ನಮ್ಮ ಸೀಮೆಯ ಒಣ ಹವೆಗೆ ಇದು ಹೇಳಿ ಮಾಡಿಸಿದ ಯಂತ್ರವೆಂಬುದರಲ್ಲಿ ನನಗೆ ಅನುಮಾನವಿಲ್ಲ: ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ, ಗಾಳಿ ಒಣಗಿದಷ್ಟೂ ಹೆಚ್ಚು ಹೀರುತ್ತದೆ, ಒಳ್ಳೆಯ ಬಿಸಿಲಿನ ದಿನ ಹತ್ತು ಡಿಗ್ರಿಗೂ ಮಿಕ್ಕಿ ತಂಪು ಕೊಡುತ್ತದೆ. ಆದರೆ ಅದರ ಹೊಟ್ಟೆಯ ನೀರು ಖಾಲಿಯಾಗುವುದು ಯಾವಾಗಲೂ ನಡುರಾತ್ರಿಯ ನಂತರವೇ. ಪಂಪು ಒಣಗಿ ಕರಕರ ಅನ್ನತೊಡಗಿದಾಗ ಮನೆಯ ಎಲ್ಲರಿಗೂ ಎಚ್ಚರವಾಗುತ್ತದೆ, ಮತ್ತು ಎಲ್ಲರೂ ಒಬ್ಬರನ್ನೊಬ್ಬರು ಮೀರಿಸುವಂತೆ ಗಾಢ ನಿದ್ದೆಯನ್ನು ನಟಿಸುತ್ತಾರೆ. ನಟನೆಯಲ್ಲಿ ನಾನು ಹಿಂದೆ ಬಿದ್ದಿರುವುದರಿಂದ ಕೊಡ ಹಿಡಿದು ಹೊರಗೆ ಹೋಗುವವನು ನಾನೇ. ಕೊಳವೆಬಾವಿಯ ಸವಳು ನೀರು ಹುಲ್ಲಿನ ಪ್ಯಾಡಿನ ಮೇಲೆ ಬಿಳಿಯ ಪೊರೆ ಕಟ್ಟಿ, ಬೆರಳಿನಿಂದ ಮುಟ್ಟಿದರೆ ಹಪ್ಪಳದಂತೆ ಮುರಿಯುವಷ್ಟು ಗಟ್ಟಿಯಾಗಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಕೆರೆಯುತ್ತ ನಿಂತವನಿಗೆ ನಿದ್ದೆ ಬೆಳಗಿನವರೆಗೂ ಹತ್ತಿರ ಸುಳಿಯುವುದಿಲ್ಲ.

ಕೂಲರಿಗೆ ಕಿಟಕಿ ತೆರೆದಿರಬೇಕೆಂಬುದನ್ನು ಹೊರಗಿನ ಊರಿನವರಿಗೆ ಒಪ್ಪಿಸುವುದು ಇನ್ನೊಂದು ಸಾಹಸ. ಒಳಬಂದ ತೇವದ ಗಾಳಿಗೆ ಹೊರಹೋಗಲು ದಾರಿ ಬೇಕು. ಶಿವಮೊಗ್ಗದಿಂದ ಬಂದಿದ್ದ ನನ್ನ ಷಡ್ಡಕರು ಮಾತ್ರ, "ಏನ್ರೀ ಇದು, ದುಡ್ಡು ಕೊಟ್ಟು ಮಾಡಿದ ತಂಪನ್ನೆಲ್ಲ ಬೀದಿಗೆ ಬಿಡ್ತಿದೀರಲ್ಲ!" ಎಂದು ಮರುಗಿ, ನಾವು ಮಲಗಿದ ಮೇಲೆ ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಮುಚ್ಚಿದರು. ಬೆಳಗಾಗುವಷ್ಟರಲ್ಲಿ ಹೊದಿಕೆ ಹಸಿಯಾಗಿತ್ತು, ದಿಂಬು ಅಂಟುತ್ತಿತ್ತು, ದೇವರ ದೀಪ ಹಚ್ಚಲು ಹೋದ ಅವ್ವನ ಕೈಯಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಗಳ ಮದ್ದು ಒಂದೊಂದಾಗಿ ಕರಗಿ ಉದುರುತ್ತಿತ್ತು. ಷಡ್ಡಕರು, "ನಮ್ಮ ಕಡೆ ಮಳೆಗಾಲದಲ್ಲಿ ಹೀಗೇ ಇರುತ್ತೆ" ಎಂದು ಸಮಾಧಾನವಾಗಿ ಕಾಫಿ ಕುಡಿದರು. ಅವರಿಗೆ ಒಳ್ಳೆಯ ನಿದ್ದೆ ಬಂದಿತ್ತು.

ಅವ್ವನ ಉಪಾಯವೇ ಬೇರೆ. ಎಂತಹ ಸೆಕೆಯಲ್ಲೂ ಆಕೆ ರಾತ್ರಿ ಬಿಸಿನೀರು ಮೈಮೇಲೆ ಹಾಕಿಕೊಂಡು ಮಲಗುವವಳು. ಇದಕ್ಕೆ ಮೊಮ್ಮಗ ನಗುತ್ತಿದ್ದ. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಸ್ನಾನ ಮಾಡಿದರೆ ಬೇಗ ನಿದ್ದೆ ಹತ್ತುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ಸಂಶೋಧಕರು 2019ರಲ್ಲಿ ಹೇಳಿದ್ದನ್ನು ಓದಿ ತೋರಿಸಿದ ಮೇಲೆ ಅವನ ನಗು ನಿಂತಿತು. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಶಾಖ ಹೊರಬೀಳುತ್ತದೆ. ನಮ್ಮೂರಿನ ಅನುಕೂಲವೆಂದರೆ, ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕು ಮೇ ತಿಂಗಳಲ್ಲಿ ಇಂತಹ ನೀರನ್ನು ತಣ್ಣೀರಿನ ನಲ್ಲಿಯಲ್ಲೇ ಬಿಡುತ್ತದೆ. ಗೀಸರಿನ ಸ್ವಿಚ್ಚನ್ನು ನಾವು ಶಿವರಾತ್ರಿಗೇ ಆರಿಸಿಬಿಡುತ್ತೇವೆ.

ಕೊನೆಗೆ ಎಸಿ ಬಂದಿತು. ಒಂದೂವರೆ ಟನ್ ಎಂದು ಕೇಳಿದೊಡನೆ ಅವ್ವ ಗೋಡೆಯನ್ನು ತಟ್ಟಿ ನೋಡಿ, "ತಮ್ಮಾ, ಇಷ್ಟು ಭಾರ ಈ ಗ್ವಾಡಿ ತಾಳತದೇನೋ?" ಎಂದಳು. ಟನ್ ಎಂಬುದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ಕಾಲದ ಲೆಕ್ಕ, ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖ ಎಂದು ವಿವರಿಸಿದೆ. ಆಕೆ ಸಂಶಯ ಬಿಡದೆ ತನ್ನ ಹಾಸಿಗೆಯನ್ನು ಎದುರು ಗೋಡೆಗೆ ಸರಿಸಿಕೊಂಡಳು.

2020ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಎಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮವಿದೆ. ಸರ್ಕಾರ ಇಷ್ಟು ಹೇಳಬಹುದೇ ಹೊರತು ಆಮೇಲೆ ರಿಮೋಟ್ ಯಾರ ಕೈ ಸೇರಬೇಕೆಂದು ಹೇಳಲಾರದು. ಮಗ ಹದಿನೆಂಟಕ್ಕೆ ಇಳಿಸುತ್ತಾನೆ, ಹೆಂಡತಿ ಇಪ್ಪತ್ತೇಳಕ್ಕೆ ಏರಿಸಿ ಫ್ಯಾನು ಹಾಕುತ್ತಾಳೆ. ಅವಳ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ, ಇದಕ್ಕೆ ಸಂಸಾರದ ಹೊರಗಿನ ಕಾರಣಗಳೂ ಉಂಟು. ದೇಹದ ಶಾಖ ಅತ್ಯಂತ ಕೆಳಗಿಳಿಯುವುದು ಬೆಳಗಿನ ಜಾವ; ಕನಸು ಹೆಚ್ಚಾಗಿ ಬೀಳುವ ಆ ಹೊತ್ತಿನ ನಿದ್ದೆಯಲ್ಲಿ ನಡುಗುವ, ಬೆವರುವ ಶಕ್ತಿಯೂ ದೇಹಕ್ಕೆ ಕುಂದಿರುತ್ತದೆ. ರಾತ್ರಿ ಹತ್ತಕ್ಕೆ ಹಿತವೆನಿಸಿದ ಹದಿನೆಂಟು ನಾಲ್ಕು ಗಂಟೆಗೆ ಹಲ್ಲು ಕಡಿಸುತ್ತದೆ. ಹೊರಗೆ ರಾಯಚೂರು ಬೇಯುತ್ತಿರುವಾಗ ನಮ್ಮ ಮನೆಯಲ್ಲಿ ಕೌದಿಗಾಗಿ ಜಗಳ ನಡೆಯುತ್ತದೆ, ಹದಿನೆಂಟು ಬೇಕೆಂದವನೇ ಹೆಚ್ಚು ಕೌದಿ ಎಳೆದುಕೊಂಡಿರುತ್ತಾನೆ.

ಅವ್ವನಿಗೆ ಈ ತಂಪು ಸುತರಾಂ ಒಗ್ಗದು. ತಲೆಗೆ ಮಫ್ಲರ್ ಸುತ್ತಿಕೊಂಡು, "ಇದೇನು ಮನಿಯೋ, ಹೆಣ ಇಡೋ ಪೆಟ್ಟಿಗೆಯೋ" ಎಂದು ದಿನವೂ ಶಪಿಸಿಯೇ ಮಲಗುತ್ತಾಳೆ. ಮೊನ್ನೆ ರಾತ್ರಿ ಕರೆಂಟು ಹೋಗಿ, ಇನ್ವರ್ಟರಿನ ಮೇಲೆ ಫ್ಯಾನು ಮಾತ್ರ ತಿರುಗತೊಡಗಿದಾಗ ನಮ್ಮಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ. ಕತ್ತಲಲ್ಲಿ ನನ್ನ ಭುಜ ಅಲುಗಾಡಿಸಿ ಎಬ್ಬಿಸಿದವಳು ಅವ್ವನೇ: "ತಮ್ಮಾ, ಆ ಪೆಟ್ಟಿಗಿ ನಿಂತದ ನೋಡು. ಅದನ್ನ ನಡೆಸೋವಂಥ ದೊಡ್ಡ ಇನ್ವರ್ಟರಿಗೆ ಎಷ್ಟು ರೊಕ್ಕ ಆಗ್ತದ, ನಾಳೆ ಕೇಳಿಕೊಂಡು ಬಾ."