ಅಂತೆಯ ಸಹವಾಸ

ಮೊನ್ನೆ ನನ್ನದೇ ಒಂದು ಹಳೆಯ ಕಥೆಯನ್ನು ತಿದ್ದಲು ಕೂತೆ. ಯಾರೂ ಅದನ್ನು ಅಚ್ಚು ಹಾಕದೆ ಉಪಕಾರ ಮಾಡಿದ್ದರು. ಮೊದಲೆರಡು ಪುಟಗಳಲ್ಲೇ 19 ‘ಅಂತೆ’ಗಳು ಸಿಕ್ಕಿದವು. ಕಾದು ಕೂತವಳು ದೀಪದಂತೆ, ಬಾರದೆ ಹೋದವನು ಮೋಡದಂತೆ, ನಡುವಿನ ಮೌನ ಹೆಬ್ಬಂಡೆಯಂತೆ. ಕಥೆಯಲ್ಲಿ ಒಂದೇ ಒಂದು ವಸ್ತುವೂ ತನ್ನ ಪಾಡಿಗೆ ತಾನಿರಲು ಒಪ್ಪಿರಲಿಲ್ಲ.

ಒಂದನ್ನು ಹಿಡಿದು ನೋಡಿದೆ. ‘ದೀಪ ಆರಿದ ಕೋಣೆಯಂತೆ ಅವನ ಮುಖ ಕಪ್ಪಿಟ್ಟಿತು.’ ಮುಖ ಹೇಗೂ ಕಪ್ಪಿಟ್ಟಿದೆ, ಕೋಣೆಯ ದೀಪವನ್ನೂ ಯಾಕೆ ಆರಿಸಬೇಕು? ಕೋಣೆಯನ್ನು ಹೊಡೆದುಹಾಕಿದೆ. ಮುಖಕ್ಕೆ ಏನೂ ನಷ್ಟವಾಗಲಿಲ್ಲ. ಆಮೇಲೆ ತಮಾಷೆಗೆಂದು ಕೋಣೆ ಉಳಿಸಿ ಮುಖವನ್ನು ಹೊಡೆದೆ. ‘ಅವನ ಕೋಣೆಯ ದೀಪ ಆರಿತು.’ ಅಯ್ಯೋ, ಇದೇ ವಾಸಿ!

ಕನ್ನಡದಲ್ಲಿ ಈ ‘ಅಂತೆ’ಗೆ ಎರಡು ಉದ್ಯೋಗ. ಹಗಲು ಹೋಲಿಕೆಯ ಕೆಲಸ, ಬಿಡುವಿನಲ್ಲಿ ಗಾಳಿಸುದ್ದಿಯ ಕೆಲಸ. ‘ಅವನು ಹುಲಿಯಂತೆ’ ಎಂದರೆ ಹುಲಿಯ ಹಾಗಿದ್ದಾನೆ ಎಂದೂ ಆಯಿತು, ಹುಲಿ ಅಂತ ಯಾರೋ ಹೇಳಿದರು, ನಾನಂತೂ ಕಂಡಿಲ್ಲಪ್ಪ ಎಂದೂ ಆಯಿತು. ವ್ಯಾಕರಣದವರು ಎರಡಕ್ಕೂ ಬೇರೆ ಬೇರೆ ಖಾತೆ ತೆರೆದಿರಬಹುದು. ನನ್ನ 19ರಲ್ಲಿ 15 ಆದರೂ ಎರಡನೇ ಜಾತಿಯವು. ‘ಅವಳ ಕಣ್ಣು ಕಮಲದಂತೆ’ ಎಂದು ಬರೆದ ದಿನ ನಾನು ಕಣ್ಣನ್ನೂ ಸರಿಯಾಗಿ ನೋಡಿರಲಿಲ್ಲ, ಕಮಲವನ್ನೂ ನೋಡಿರಲಿಲ್ಲ. ಯಾರೋ ಹೇಳಿದ್ದರು, ಅಷ್ಟೆ.

ಉಪಮೆಗೆ ನಾಲ್ಕು ಅಂಗ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ‘ಮುಖ ಚಂದ್ರನಂತೆ ಮನೋಹರವಾಗಿದೆ.’ ಮುಖ ಉಪಮೇಯ, ಚಂದ್ರ ಉಪಮಾನ, ಮನೋಹರವಾಗಿರುವುದು ಇಬ್ಬರಿಗೂ ಸೇರಿದ ಸಮಾನಧರ್ಮ, ಮಧ್ಯೆ ನಿಂತು ಸಂಬಂಧ ಕುದುರಿಸುವ ದಲ್ಲಾಳಿ ‘ಅಂತೆ’ ಉಪಮಾವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಜಾರಿದರೆ ಲುಪ್ತೋಪಮೆ. ಆಗೆಲ್ಲ ಅದು ನನಗೆ ಹೆಣ ಕೊಯ್ದಂತೆ (ನೋಡಿ, ಮತ್ತೆ ಬಂತು) ಕಾಣುತ್ತಿತ್ತು. ತಿದ್ದಲು ಕೂತಾಗ ಆ ಪಾಠವೇ ಕೈಗೆ ಬಂತು. ದಲ್ಲಾಳಿಯನ್ನು ಮನೆಗೆ ಕಳಿಸಿದರೆ ‘ಮುಖಚಂದ್ರ’, ಅದು ರೂಪಕ. ‘ಇದು ಮುಖವೋ ಚಂದ್ರನೋ’ ಎಂದು ತಲೆ ಕೆರೆದುಕೊಂಡರೆ ಸಂದೇಹ. ‘ಇದು ಮುಖವಲ್ಲ, ಚಂದ್ರ’ ಎಂದು ವಾದಕ್ಕೆ ನಿಂತರೆ ಅಪಹ್ನುತಿ. ಚಂದ್ರನನ್ನೇ ಕೆಳಗಿಳಿಸಿ ‘ಇವನೂ ಅವಳ ಮುಖದ ಹಾಗೇ ಇದ್ದಾನಲ್ಲ’ ಎಂದರೆ ಪ್ರತೀಪ. ಮುಖದ ಸುದ್ದಿಯನ್ನೇ ಎತ್ತದೆ ‘ಕಿಟಕಿಯಲ್ಲಿ ಚಂದ್ರ ಇಣುಕಿದ’ ಎಂದುಬಿಟ್ಟರೆ ಅತಿಶಯೋಕ್ತಿ. ಮುಖವೂ ಅದೇ, ಚಂದ್ರನೂ ಅವನೇ.

16ನೇ ಶತಮಾನದ ಅಲಂಕಾರಶಾಸ್ತ್ರದ ಪಂಡಿತ ಅಪ್ಪಯ್ಯ ದೀಕ್ಷಿತರು ಇದನ್ನು ಹೇಳಿಯೇ ಹೋಗಿದ್ದಾರೆ: ಉಪಮೆ ಒಬ್ಬಳೇ ನಟಿ, ಬಗೆಬಗೆಯ ವೇಷ ಹಾಕಿಕೊಂಡು ಕಾವ್ಯದ ರಂಗದ ಮೇಲೆ ಕುಣಿದು ಬಲ್ಲವರನ್ನು ರಂಜಿಸುತ್ತಾಳೆ. ಭರತನ ನಾಟ್ಯಶಾಸ್ತ್ರದಲ್ಲಿ ಇರುವುದು ನಾಲ್ಕೇ ಅಲಂಕಾರ: ಉಪಮೆ, ರೂಪಕ, ದೀಪಕ, ಯಮಕ. ದೀಕ್ಷಿತರ ಕಾಲಕ್ಕೆ ಅವು 100 ದಾಟಿದ್ದವು. ಅಷ್ಟು ಹೆಸರು ನೆನಪಿಡಬೇಕಾದ ವಿದ್ಯಾರ್ಥಿಗಳ ಕಷ್ಟ ಆ ನಟಿಗೆ ಗೊತ್ತಿರಲಾರದು.

ಬಡ್ತಿಯ ವಿಷಯವೂ ಇದೆ. ‘ಉಪಮಾ ಕಾಳಿದಾಸಸ್ಯ’ ಎಂದು ಕಾಳಿದಾಸನಿಗೆ ಉಪಮೆಯ ಹಕ್ಕುಪತ್ರ ಬರೆದುಕೊಟ್ಟರು. ಕುಮಾರವ್ಯಾಸನಿಗೋ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು. ‘ಅಂತೆ’ಯನ್ನು ಬಿಟ್ಟವನಿಗೆ ಸಾಮ್ರಾಜ್ಯವೇ ಸಿಕ್ಕಿತು ಎಂದು ನನ್ನಂಥವನಿಗೆ ಅನಿಸುವುದು ಸಹಜ. ಅರಿಸ್ಟಾಟಲನ ತಕರಾರೂ ಸುಮಾರಾಗಿ ಇದೇ. ಗ್ರೀಕ್ ವೀರ ಅಖಿಲೀಸ್ ಸಿಂಹದಂತೆ ನುಗ್ಗಿದ ಎಂದರೆ ಉಪಮೆ, ಸಿಂಹ ನುಗ್ಗಿತು ಎಂದರೆ ರೂಪಕ. ಉಪಮೆ ಉದ್ದವಾದ್ದರಿಂದ ಅದರ ಸೊಗಸು ಕಡಿಮೆ ಎನ್ನುತ್ತಾನೆ.

ಇದನ್ನು ಓದಿ ಉಳಿದ ‘ಅಂತೆ’ಗಳ ಮೇಲೂ ಕೆಂಪು ಪೆನ್ನು ಎಳೆಯುವವನಿದ್ದೆ. ಆದರೆ ಗ್ರೀಕರ ಮಹಾಕವಿ ಹೋಮರ್ ಅಡ್ಡ ಬಂದ. ಅವನ ಸಿಂಹ ಬರೀ ‘ನುಗ್ಗಿತು’ ಅನ್ನಿಸಿಕೊಂಡು ಹೋಗುವಂಥದಲ್ಲ. ಅದು ಬೆಟ್ಟದಲ್ಲಿ ಬೆಳೆದದ್ದು, ಮಾಂಸ ತಿಂದು ಎಷ್ಟೋ ದಿನವಾಗಿದೆ, ಕುರಿಹಟ್ಟಿಯ ಹತ್ತಿರ ಬಂದರೆ ಅಲ್ಲಿ ಈಟಿ ಹಿಡಿದ ಕಾವಲಿನವರು, ನಾಯಿಗಳು. ಆದರೂ ಒಂದು ಕೈ ನೋಡದೆ ಹಿಂದಿರುಗಲು ಅದಕ್ಕೆ ಮನಸ್ಸಿಲ್ಲ. ಇತ್ತ ಕೋಟೆಯ ಮೇಲೆ ಬೀಳಬೇಕಾದ ವೀರ ಇಷ್ಟೂ ಹೊತ್ತು ಕಾಯುತ್ತಾನೆ. ಉದ್ದ ನಿಜ. ಆದರೆ ಆ ಹಸಿವನ್ನು ನೋಡಿದವನು ಬರೆದದ್ದು ಅನಿಸುತ್ತದೆ. ಅರಿಸ್ಟಾಟಲನ ಮಾತನ್ನು ಅರ್ಧ ಮಾತ್ರ ಕೇಳಬೇಕೆಂದು ತೀರ್ಮಾನಿಸಿದೆ.

ಕಥೆಯಲ್ಲಿ ಬೇರೆ ತಂತ್ರಗಳೂ ಇದ್ದವು, ಅವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾಯಕಿ ಅತ್ತಾಗಲೆಲ್ಲ ಮಳೆ ಸುರಿಯುತ್ತಿತ್ತು. ಪ್ರಕೃತಿಗೆ ನಮ್ಮ ಭಾವನೆ ಅಂಟಿಸುವ ಈ ಚಾಳಿಗೆ ಇಂಗ್ಲೆಂಡಿನ ವಿಮರ್ಶಕ ರಸ್ಕಿನ್ 1856ರಲ್ಲೇ ಭ್ರಮೆ ಎಂಬರ್ಥದ ಹೆಸರಿಟ್ಟಿದ್ದಾನೆ. ಮಳೆಯನ್ನು ನಿಲ್ಲಿಸಿದೆ. ಅವಳು ಒಣ ಹವೆಯಲ್ಲೇ ಅತ್ತಳು.

ಇಷ್ಟು ಹೊತ್ತು ಬಗ್ಗಿ ಕೂತು ಭುಜ ಹಿಡಿದುಕೊಂಡಿತು. ಮರುದಿನ ಡಾಕ್ಟರ ಹತ್ತಿರ ಹೋದೆ. ನನಗಿಂತ ಮುಂದಿದ್ದ ಹಿರಿಯರನ್ನು ಅವರು ಕೇಳಿದರು, “ಏನು ಯಜಮಾನ್ರೇ, ನೋವು ಹೇಗಿದೆ?”

“ಒದ್ದೆ ಬಟ್ಟೆ ಹಿಂಡಿದ ಹಾಗೆ ಡಾಕ್ಟ್ರೇ. ಹಿಂಡಿ, ಕೊಡವಿ, ಮತ್ತೆ ಹಿಂಡಿದ ಹಾಗೆ.”

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ನೋವನ್ನು ತೆಗೆದು ತೋರಿಸುವ ಹಾಗಿಲ್ಲವಲ್ಲ. ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ, ಬೆಂಕಿ ಇಟ್ಟ ಹಾಗೆ ಎಂದು ಹೇಳದೆ ಬೇರೆ ದಾರಿಯೇ ಇಲ್ಲ. ಅಲಂಕಾರವೆಂದರೆ ಒಡವೆ ಎಂದು ಹೇಳಿಕೊಟ್ಟವರು ಯಾರೂ ಆ ಬೆಂಚಿನ ಮೇಲೆ ಕೂತಿರಲಿಲ್ಲ ಅಂತ ಕಾಣುತ್ತದೆ. ಇನ್ನೊಂದು ಗಮನಿಸಿದೆ: ಬರೆಯುವಾಗ ‘ಅಂತೆ’ ಎನ್ನುವ ನಾವೆಲ್ಲ ನೋವು ಹೇಳುವಾಗ ‘ಹಾಗೆ’ ಎನ್ನುತ್ತೇವೆ.

ನನ್ನ ಸರದಿ ಬಂತು. “ನಿಮ್ಮದು ಹೇಗೆ?”

ಭುಜ ಮುಟ್ಟಿ ನೋಡಿಕೊಂಡೆ. ಎರಡು ಪುಟಕ್ಕೆ 19 ಉಪಮೆ ಬರೆದ ಮನುಷ್ಯನ ಬಾಯಲ್ಲಿ ಒಂದೂ ಬರಲಿಲ್ಲ. “ನೋವು... ನೋವಿನ ಹಾಗೇ ಇದೆ” ಎಂದೆ.

ಅವರು ಪೆನ್ನು ಎತ್ತಿ ಹಿಡಿದು ಕಾದರು. ಆಮೇಲೆ ಮಗುವಿಗೆ ಕೇಳುವಂತೆ ಕೇಳಿದರು. “ಚುಚ್ಚಿದ ಹಾಗಾ, ಎಳೆದ ಹಾಗಾ?”

ಎರಡನೆಯದು ಅಂದೆ.