ಕುಣಿಯಲಾರದವಳು ಹಡಗು ಹತ್ತಿದ್ದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿಕ್ಕಮ್ಮ ಈ ಗಾದೆಯನ್ನು ನನ್ನ ಮೇಲೆ ಮೊದಲ ಸಲ ಪ್ರಯೋಗಿಸಿದಾಗ ನನಗೆ ಏಳು ವರ್ಷ. ಈಗ ನಲವತ್ತೇಳು. ನಡುವೆ ಎಷ್ಟು ಸಲ ಹೇಳಿದ್ದಾರೆ ಅಂತ ಲೆಕ್ಕ ಇಟ್ಟಿಲ್ಲ. ಹಾಗಾಗಿ ಹಡಗು ಹತ್ತಿದ ಎರಡನೇ ರಾತ್ರಿ ಬಾಲ್‌ರೂಮಿನ ಬಾಗಿಲಲ್ಲಿ ನಿಂತಿದ್ದಾಗ, ಕಾಲ ಕೆಳಗಿನ ನೆಲ ನಿಜಕ್ಕೂ ಎಡಕ್ಕೆ ವಾಲಿ, ಒಂದು ಗಳಿಗೆ ಯೋಚನೆ ಮಾಡಿ, ಬಲಕ್ಕೆ ವಾಲಿತಲ್ಲ, ಆಗ ನನಗಾದ ಖುಷಿ ಅಷ್ಟಿಷ್ಟಲ್ಲ.

"ಚಿಕ್ಕಮ್ಮ, ನೋಡಿ, ನೆಲ ಡೊಂಕು!" ಅಂದೆ.

"ಕುಣಿಯೋರು ಕುಣೀತಾನೇ ಇದಾರಲ್ಲ ಕಣೇ," ಅಂದರು.

ಇದು ಜಾರುಬಂಡೆ, ಗೋಡೆ ಹತ್ತುವ ಆಟ, ಮಕ್ಕಳ ಕಿರುಚಾಟ ಇರುವ ಹೊಸ ಕಾಲದ ಹಡಗಲ್ಲ. ಹಳೇ ಸಂಪ್ರದಾಯದ್ದು. ಮರದ ಹಲಗೆ ಹೊದಿಸಿದ ಗೋಡೆ, ಹೆಜ್ಜೆ ಸದ್ದು ನುಂಗುವ ಕಾರ್ಪೆಟ್, ದಿನಾ ಯಾರೋ ಉಜ್ಜುವ ಹಿತ್ತಾಳೆ ಕಂಬಿ. ಸಂಜೆ ಆರರ ಮೇಲೆ ಸಾದಾ ಚಪ್ಪಲಿಯಲ್ಲಿ ಓಡಾಡಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರೂ ಕಾಲನ್ನೇ ನೋಡುತ್ತಾರೆ. ಮಧ್ಯಾಹ್ನ ಚಹಾ ಹೊತ್ತಿಗೆ ಹಾರ್ಪ್, ಊಟಕ್ಕೆ ಮುಂಚೆ ಪಿಯಾನೊ, ಊಟದ ಆಮೇಲೆ ಏಳು ಜನರ ಬ್ಯಾಂಡ್. ಸಂಗೀತ ಇಲ್ಲದ ಜಾಗ ಅಂದರೆ ಎಂಜಿನ್ ರೂಮ್ ಒಂದೇ ಇರಬೇಕು.

ನಾನಂತೂ ಮೊದಲ ದಿನವೇ ಮರ್ಯಾದೆ ಕಳೆದುಕೊಂಡಿದ್ದೆ. ಹಡಗು ಹೊರಡುವ ಮುಂಚೆ ಡೆಕ್ ಮೇಲೆ ಬ್ಯಾಂಡ್ ನುಡಿಸುತ್ತದೆ ಅಂತ ಕೇಳಿದ್ದೆ. ಅದಕ್ಕೇ ಕಾಯುತ್ತಿದ್ದೆ. ಜೋರಾಗಿ ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿಸಿತು. ಶುರುವಾಯ್ತು ಅಂದುಕೊಂಡು ಕಂಬಿ ಮೇಲೆ ತಾಳ ಹಾಕಿದೆ. ಅದು ಅಪಾಯದ ಕರೆ. ಲೈಫ್ ಜಾಕೆಟ್ ಹಾಕುವುದು ಹೇಗೆ ಅಂತ ತೋರಿಸಲು ಎಲ್ಲರನ್ನೂ ಒಂದು ಕಡೆ ಸೇರಿಸುವ ಕಡ್ಡಾಯ ಅಭ್ಯಾಸ. ಎಲ್ಲರೂ ಗಂಭೀರವಾಗಿ ಮೆಟ್ಟಿಲಿಳಿದು ಹೋಗುತ್ತಿದ್ದರೆ, ನಾನೊಬ್ಬಳು ತಲೆ ಆಡಿಸುತ್ತಾ ನಿಂತಿದ್ದೆ.

ಡ್ಯಾನ್ಸ್ ಪಾಠ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ. ಕಲಿಸುವವರು ಗಂಡ ಹೆಂಡತಿ, ಇಬ್ಬರೂ ಕಡ್ಡಿಯ ಹಾಗೆ ನೆಟ್ಟಗೆ. ವಾಲ್ಟ್ಸ್‌ನಿಂದ ಶುರು. ಮೂರು ಎಣಿಕೆ, ಮೊದಲನೆಯದಕ್ಕೆ ಒತ್ತು. ಕಾಣದ ಚೌಕವೊಂದರ ಅಂಚಿನಲ್ಲಿ ಕಾಲಿಡುತ್ತಾ ಹೋಗಬೇಕು, ಅಷ್ಟೇ. ನಿಧಾನದ ವಾಲ್ಟ್ಸ್‌ನಲ್ಲಿ ನಿಮಿಷಕ್ಕೆ 84ರಿಂದ 90 ಏಟು. ಗಾಬರಿಯಾದಾಗ ನನ್ನ ಎದೆಬಡಿತ ಅದಕ್ಕಿಂತ ಜಾಸ್ತಿ. ನಾನು ಎದೆಯ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದೆ, ಉಳಿದವರು ಪಿಯಾನೊ ತಾಳಕ್ಕೆ. ಅಲ್ಲೇ ಹೊಂದಾಣಿಕೆ ತಪ್ಪಿತು.

ಅದರ ಮೇಲೆ ಸಮುದ್ರ. ಹಡಗು ವಾಲಿದ ಕಡೆಗೆ ಇಟ್ಟ ಹೆಜ್ಜೆ ಬೇಡವೆಂದರೂ ದೊಡ್ಡದಾಗುತ್ತದೆ. ಎದುರು ದಿಕ್ಕಿಗೆ ಇಟ್ಟರೆ ಗುಡ್ಡ ಹತ್ತಿದ ಹಾಗೆ. ನನ್ನ ಚೌಕ ಮೊದಲು ಉದ್ದವಾಯಿತು, ಆಮೇಲೆ ಚೌಕ ಅನ್ನುವ ಹಾಗೇ ಇರಲಿಲ್ಲ. ಒಂದು ಸಲ ಹಡಗು ಸ್ವಲ್ಪ ಜಾಸ್ತಿಯೇ ವಾಲಿ, ಸುಮಾರು ನಲವತ್ತು ಜನರ ಇಡೀ ತರಗತಿ ಬಲಕ್ಕೆ ಪುಟುಪುಟು ಓಡಿತು. ಆವತ್ತು ಎಲ್ಲರ ಹೆಜ್ಜೆ ಒಂದೇ ತಾಳದಲ್ಲಿ ಬಿದ್ದಿದ್ದು ಅದೊಂದೇ ಸಲ.

"ಇಲ್ಲಿ ಏನೂ ಅಲ್ಲ, ಮೇಲಿನ ಡೆಕ್ಕಿಗೆ ಹೋಗಿ ನೋಡಿ," ಅಂದ ನೀರು ತಂದುಕೊಟ್ಟ ಹುಡುಗ. ಅವನ ಮಾತು ನಿಜ. ಹಡಗು ಸೀಸಾ ಹಲಗೆ ಇದ್ದ ಹಾಗೆ. ತುದಿಗಳು ಏಳುತ್ತವೆ ಬೀಳುತ್ತವೆ, ನಡು ಅಷ್ಟಾಗಿ ಅಲ್ಲಾಡುವುದಿಲ್ಲ. ಕೆಳಗಿದ್ದಷ್ಟೂ ತೂಗಾಟ ಕಮ್ಮಿ. ನಮ್ಮ ಬಾಲ್‌ರೂಮ್ ಇದ್ದದ್ದು ಕೆಳಗೆ, ನಟ್ಟನಡುವೆ. ಸಾಲದ್ದಕ್ಕೆ ನೀರಿನೊಳಗೆ ಹಡಗಿನ ಎರಡೂ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ದೊಡ್ಡ ಹಲಗೆಗಳನ್ನು ಚಾಚುತ್ತಾರೆ, ಎಡಬಲ ಹೊಯ್ದಾಟ ತಗ್ಗಿಸಲು. ಮುಂದೆ ಹಿಂದೆ ಏಳುವುದಕ್ಕೆ ಮಾತ್ರ ಅದರಿಂದ ಅಷ್ಟೇನೂ ಪ್ರಯೋಜನವಿಲ್ಲ. ಇಷ್ಟೆಲ್ಲ ಏರ್ಪಾಟು ಮಾಡಿದ ಮೇಲೂ ನಾನು ಪಕ್ಕದ ಯಜಮಾನರ ಕಾಲು ಮೂರು ಸಲ ತುಳಿದಿದ್ದೆ. ನಾಲ್ಕನೇ ಸಲಕ್ಕೆ ಅವರೇ ಮುಂಚಿತವಾಗಿ "ಪರವಾಗಿಲ್ಲ" ಅಂದುಬಿಟ್ಟರು.

ಇನ್ನೊಂದು ಕಷ್ಟ ದಿಕ್ಕಿನದ್ದು. ವಾಲ್ಟ್ಸ್‌ನಲ್ಲಿ ಎಲ್ಲ ಜೋಡಿಗಳೂ ಅಂಗಳದ ಸುತ್ತ ಅಪ್ರದಕ್ಷಿಣೆಯಾಗಿ ಹೋಗಬೇಕು. ನನ್ನ ಕಾಲಿಗೆ ಗೊತ್ತಿರುವುದು ಪ್ರದಕ್ಷಿಣೆ ಮಾತ್ರ. ಮುಂದಿನದು ನೀವೇ ಊಹಿಸಿ.

ಚಿಕ್ಕಮ್ಮನ ಕಥೆಯೇ ಬೇರೆ. ಅವರಿಗೆ ಎಪ್ಪತ್ತಕ್ಕೆ ಎರಡು ಕಮ್ಮಿ. ಪಾಠಕ್ಕೆ ಬರಲೇ ಇಲ್ಲ. ರಾತ್ರಿ ನೇರವಾಗಿ ಪರೀಕ್ಷೆಗೆ ಬಂದರು.

ಇಂಥ ಹಡಗುಗಳಲ್ಲಿ ಒಂಟಿಯಾಗಿ ಬರುವ ಹೆಂಗಸರು ಜಾಸ್ತಿ, ಕುಣಿಯುವ ಗಂಡಸರು ಕಮ್ಮಿ. ಅದಕ್ಕೆ ಡ್ಯಾನ್ಸ್ ಹೋಸ್ಟ್ ಅಂತ ಇರುತ್ತಾರೆ. ಹೆಚ್ಚಿನವರು ನಿವೃತ್ತರು, ನೀಟಾಗಿ ಕೋಟು ಹಾಕಿದವರು. ಜೊತೆಗಾರರಿಲ್ಲದೆ ಕೂತ ಹೆಂಗಸರನ್ನು ಕರೆದು ಕುಣಿಸುವುದೇ ಅವರ ಕೆಲಸ. ನಿಯಮ ಬಿಗಿ. ಒಬ್ಬರ ಜೊತೆಗೇ ಮತ್ತೆ ಮತ್ತೆ ಕುಣಿಯುವ ಹಾಗಿಲ್ಲ, ಯಾರ ಮೇಲೂ ವಿಶೇಷ ಒಲವು ತೋರಿಸುವ ಹಾಗಿಲ್ಲ, ಪ್ರೀತಿ ಪ್ರೇಮ ಅಂತೂ ಇಲ್ಲವೇ ಇಲ್ಲ.

ಚಿಕ್ಕಮ್ಮ ಕಾಗದದ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕಿದರು. ಹೋಸ್ಟ್‌ಗಳು ನಾಲ್ಕು. ಕಾಯುವ ಹೆಂಗಸರು ಹನ್ನೊಂದು. ಅಂದರೆ ಹೆಚ್ಚೆಂದರೆ ಮೂರು ಹಾಡಿಗೊಮ್ಮೆ ತಮ್ಮ ಸರದಿ ಬರಲೇಬೇಕು. ಬರದಿದ್ದರೆ ಕೆಮ್ಮುತ್ತಿದ್ದರು. ಒಳ್ಳೆಯ, ದೂರಕ್ಕೆ ಕೇಳುವ ಕೆಮ್ಮು. ಮೂರನೇ ರಾತ್ರಿ ಹೊತ್ತಿಗೆ ಆ ಕೆಮ್ಮು ಕೇಳಿದರೆ ಸ್ಯಾಕ್ಸೋಫೋನ್ ನುಡಿಸುವವನೂ ಹೋಸ್ಟ್‌ಗಳ ಕಡೆ ತಿರುಗಿ ನೋಡುತ್ತಿದ್ದ.

"ನಿಮಗೆ ಹೆಜ್ಜೆ ಹೇಗೆ ಬರುತ್ತೆ ಚಿಕ್ಕಮ್ಮ?" ಅಂತ ಕೇಳಿದೆ.

"ಹೆಜ್ಜೆ ಅವರದ್ದು, ಸುತ್ತು ನನ್ನದು. ನೀನು ಎಣಿಸ್ತೀಯ, ಅದಕ್ಕೇ ಬರಲ್ಲ. ಸುಮ್ನೆ ನಡಿ."

ಸುಮ್ಮನೆ ನಡೆಯುವುದು ನನಗೆ ಬರುವುದಿಲ್ಲ, ಸುಮ್ಮನೆ ಇರುವುದೂ ಬರುವುದಿಲ್ಲ. ನಾಲ್ಕನೇ ರಾತ್ರಿ ಊಟದ ಮೇಜಿನಲ್ಲಿ ಅದು ಸಾಬೀತಾಯಿತು. ಎಂಟು ಜನರ ದುಂಡು ಮೇಜು. ಹಡಗಿನ ಸಂಗೀತದ ಮಾತು ಬಂತು. ನನಗೂ ಏನೋ ಗೊತ್ತು ಅಂತ ತೋರಿಸಬೇಕಿತ್ತು. "ಟೈಟಾನಿಕ್‌ನಲ್ಲೂ ಸರಿಯಾಗಿ ಎಂಟೇ ಜನ ವಾದಕರು!" ಅಂತ ಶುರು ಮಾಡಿದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಐದು ಜನರ ಒಂದು ತಂಡ, ಮೂರು ಜನರ ಇನ್ನೊಂದು. ನಾಯಕ ವಾಲೆಸ್ ಹಾರ್ಟ್ಲಿ, ಪಿಟೀಲು ನುಡಿಸುವವನು. ಕಂಪನಿಯ ಸಂಗೀತ ಪುಸ್ತಕದಲ್ಲಿ 352 ಹಾಡು, ಒಂದೊಂದಕ್ಕೂ ಒಂದು ನಂಬರು. ಪ್ರಯಾಣಿಕರು ನಂಬರು ಹೇಳಿದರೆ ಸಾಕು, ನುಡಿಸಬೇಕು. 1912ರ ಏಪ್ರಿಲ್‌ನಲ್ಲಿ ಹಡಗು ಮುಳುಗುವಾಗಲೂ ನುಡಿಸುತ್ತಿದ್ದರು, ಎಂಟರಲ್ಲಿ ಒಬ್ಬನೂ ಉಳಿಯಲಿಲ್ಲ, ಹಾರ್ಟ್ಲಿಯ ಪಿಟೀಲು 2013ರಲ್ಲಿ 9 ಲಕ್ಷ ಪೌಂಡಿಗೆ ಹರಾಜಾಯಿತು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಸುತ್ತ ನೋಡಿದೆ. ಚಮಚಗಳು ಗಾಳಿಯಲ್ಲೇ ನಿಂತಿದ್ದವು. ಆ ಕ್ಷಣಕ್ಕೇ ಹಡಗು ಒಮ್ಮೆ ನಡುಗಿ, ಲೋಟಗಳೆಲ್ಲ ಕಿಣಿಕಿಣಿ ಅಂದವು.

ಮರುದಿನ ನಮ್ಮ ಮೇಜಿಗೆ ಐದೇ ಜನ ಬಂದರು. ಅದರಲ್ಲಿ ಇಬ್ಬರು ನಾವೇ.

ಬ್ಯಾಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು, ತಮಾಷೆ ಆಚೆಗಿಟ್ಟು. ಪ್ರತಿ ರಾತ್ರಿ ಮೂಲೆಯ ಮೇಜಿನಲ್ಲಿ ಒಂದು ವಯಸ್ಸಾದ ಜೋಡಿ ಕೂರುತ್ತಿತ್ತು. ನಾಲ್ಕೈದು ಹಾಡು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಆತ ಊರುಗೋಲನ್ನು ಕುರ್ಚಿ ಬೆನ್ನಿಗೆ ನೇತುಹಾಕುತ್ತಿದ್ದರು. ಅಷ್ಟೇ. ಡ್ರಮ್ಮರ್ ಕೋಲು ಇಟ್ಟು ಬ್ರಷ್ ಎತ್ತಿಕೊಳ್ಳುತ್ತಿದ್ದ, ಪಿಯಾನೊದವನು ಒಮ್ಮೆ ಹಿಂದಿರುಗಿ ನೋಡುತ್ತಿದ್ದ, ಹಾಡಿನ ನಡುವೆಯೇ ವೇಗ ಇಳಿಯುತ್ತಿತ್ತು. ಎಷ್ಟು ನಯವಾಗಿ ಅಂದರೆ ಕುಣಿಯುತ್ತಿದ್ದ ಉಳಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಇಬ್ಬರೂ ಇದ್ದ ಜಾಗದಲ್ಲೇ ಮೆಲ್ಲಗೆ ತೂಗುತ್ತಿದ್ದರು, ಅವರು ಕುಳಿತ ಮೇಲೆ ಹಾಡು ಮತ್ತೆ ಓಟ ಕೀಳುತ್ತಿತ್ತು. ರೆಕಾರ್ಡ್ ಹಾಕಿದ್ದರೆ ಅದು ಯಾರಿಗೂ ಕಾಯುತ್ತಿರಲಿಲ್ಲ, ಅಲ್ವಾ?

ನನಗೂ ಸ್ವಲ್ಪ ಕಾಯಲಿ ಅಂತ ಬ್ಯಾಂಡಿನ ಕಡೆ ಒಂದು ದೀನ ನೋಟ ಬೀರಿದ್ದೆ. ಡ್ರಮ್ಮರ್ ಅದನ್ನು ಮೆಚ್ಚುಗೆ ಅಂದುಕೊಂಡು ಇನ್ನೂ ಜೋರು ಮಾಡಿದ.

ಹಡಗು ಪಶ್ಚಿಮಕ್ಕೆ ಹೋಗುತ್ತಿತ್ತು. ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಗಡಿಯಾರ ಒಂದು ಗಂಟೆ ಹಿಂದೆ. ಹೀಗೆ ಕೆಲವು ರಾತ್ರಿ ನಮಗೆ ಒಂದು ಗಂಟೆ ಪುಕ್ಕಟೆ ಸಿಗುತ್ತಿತ್ತು. ಬುದ್ಧಿ ಇದ್ದವರು ಆ ಗಂಟೆಯಲ್ಲಿ ನಿದ್ದೆ ಮಾಡಿದರು. ಚಿಕ್ಕಮ್ಮ ಚಾ ಚಾ ಚಾ ಡ್ಯಾನ್ಸ್ ಮಾಡಿದರು.

ದೊಡ್ಡ ಅವಘಡ ನಡೆದಿದ್ದು ಅಂಥದ್ದೊಂದು ರಾತ್ರಿಯೇ. ಎಲ್ಲರೂ ಕರಿಕೋಟು, ಉದ್ದ ಗೌನು ಹಾಕುವ ರಾತ್ರಿ ಅದು. ನನ್ನ ಗೌನು ನನಗಿಂತ ನಾಲ್ಕು ಬೆರಳು ಉದ್ದ. ಅದನ್ನು ಸರಿದೂಗಿಸಲು ಎತ್ತರದ ಹಿಮ್ಮಡಿಯ ಬೂಟು ಹಾಕಿದ್ದೆ. ಹೊರಗೆ ಗಾಳಿ ಎದ್ದಿತ್ತು. ಹೋಸ್ಟ್‌ಗಳಲ್ಲಿ ಅತಿ ಧೈರ್ಯಸ್ಥರೊಬ್ಬರು ನನ್ನ ಮುಂದೆ ಬಂದು ಕೈ ಚಾಚಿದರು. ಎರಡು ಸುತ್ತು ಹೋಯಿತು. ನಾನು ಎಣಿಸುತ್ತಿದ್ದೆ, ಅವರು ನಗುತ್ತಿದ್ದರು, ನಾಲ್ಕು ಹೆಜ್ಜೆ ಸರಿಯಾಗಿಯೂ ಬಿದ್ದವು. ಮೂರನೇ ಸುತ್ತಿಗೆ ಗೌನಿನ ಅಂಚು ಹಿಮ್ಮಡಿಗೆ ಸಿಕ್ಕಿತು. ಕಾಲು ಎಳೆದೆ. ಬೂಟು ಕಳಚಿಕೊಂಡಿತು.

ಬಾಗಿ ಎತ್ತಿಕೊಳ್ಳೋಣ ಅನ್ನುವಷ್ಟರಲ್ಲಿ ಹಡಗು ವಾಲಿತು. ಬೂಟು ಸರ್ರನೆ ಆ ಕಡೆ ಜಾರಿತು. ನಾನು ಒಂದು ಕಾಲಿನಲ್ಲಿ ಎತ್ತರ, ಇನ್ನೊಂದರಲ್ಲಿ ಗಿಡ್ಡ, ಕುಂಟುತ್ತಾ ಅದರ ಹಿಂದೆ ಹೋದೆ. ಹಡಗು ಈ ಕಡೆ ವಾಲಿತು. ಬೂಟು ನನ್ನ ಪಕ್ಕದಲ್ಲೇ ಹಾದು ವಾಪಸ್ ಬಂತು. ಹೊಳೆಯುವ ಮರದ ನೆಲದ ಮೇಲೆ ಅದು ತನ್ನ ಪಾಡಿಗೆ ಹೋಗುವುದು, ತುದಿಯಲ್ಲಿ ಒಂದು ಗಳಿಗೆ ನಿಲ್ಲುವುದು, ಮೆಲ್ಲನೆ ತಿರುಗುವುದು, ಮತ್ತೆ ಬರುವುದು. ನನಗಿಂತ ಚೆನ್ನಾಗಿ ವಾಲ್ಟ್ಸ್ ಮಾಡುತ್ತಿತ್ತು. ಜೋಡಿಗಳು ಅದಕ್ಕೆ ದಾರಿ ಬಿಟ್ಟುಕೊಟ್ಟು ಸುತ್ತಿ ಹೋಗುತ್ತಿದ್ದರು, ನನಗೆ ಯಾರೂ ಬಿಡುತ್ತಿರಲಿಲ್ಲ. ಬೂಟು ಹೋದ ದಿಕ್ಕು ಕೂಡ ಸರಿಯಾಗಿತ್ತು.

ಅಷ್ಟರಲ್ಲಿ ಚಿಕ್ಕಮ್ಮ ಇನ್ನೊಬ್ಬ ಹೋಸ್ಟ್ ಜೊತೆ ಸುತ್ತುತ್ತಾ ಬಂದರು. ಮುಖ ಆಚೆ ಕಡೆ. ನನ್ನನ್ನು ನೋಡಿದ ಹಾಗೂ ಇರಲಿಲ್ಲ. ಒಂದು, ಎರಡು, ಮೂರನೇ ಎಣಿಕೆಗೆ ಪಾದದ ಪಕ್ಕದಿಂದ ಬೂಟಿಗೆ ಮೆಲ್ಲನೆ ಒಂದು ಕೊಟ್ಟರು. ಅದು ನೆಟ್ಟಗೆ ಬಂದು ನನ್ನ ಬರಿಗಾಲಿಗೆ ತಾಗಿ ನಿಂತಿತು. ಚಿಕ್ಕಮ್ಮನ ತಾಳ ಕೂದಲೆಳೆಯಷ್ಟೂ ತಪ್ಪಲಿಲ್ಲ. ಡ್ರಮ್ಮರ್ ಸುಮ್ಮನಿರಲಾರದೆ ತಾಳಕ್ಕೆ ಒಂದು ಜಣ್ ಕೊಟ್ಟ. ಜನ ಚಪ್ಪಾಳೆ ಹೊಡೆದರು.

ಕ್ಯಾಬಿನ್ನಿಗೆ ಬಂದ ಮೇಲೆ ಹೇಳಿದೆ: "ಸಮುದ್ರ ಶಾಂತ ಇದ್ದಿದ್ರೆ ಹೀಗಾಗ್ತಿರಲಿಲ್ಲ."

ಚಿಕ್ಕಮ್ಮ ಗಾದೆ ಹೇಳಲಿಲ್ಲ. ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ. ಅದಕ್ಕಿಂತ ಗಾದೆಯೇ ವಾಸಿ.

ನಡುವೆ ಒಂದು ದಿನ ಹಡಗು ಬಂದರಿನಲ್ಲಿ ನಿಂತಿತು. ದಪ್ಪ ಹಗ್ಗಗಳಿಂದ ದಡಕ್ಕೆ ಕಟ್ಟಿದ್ದರು. ರಾತ್ರಿ ಮುಕ್ಕಾಲು ಪಾಲು ಜನ ದಡದಲ್ಲೇ ಇದ್ದರು, ಬಾಲ್‌ರೂಮ್ ಬಿಕೋ ಅನ್ನುತ್ತಿತ್ತು. ಬ್ಯಾಂಡ್ ಮಾತ್ರ ಹತ್ತು ಜನರಿಗಾಗಿ ನೂರು ಜನರಿದ್ದ ಹಾಗೇ ನುಡಿಸುತ್ತಿತ್ತು. ಚಿಕ್ಕಮ್ಮ ಲೋಟಕ್ಕೆ ನೀರು ಹಾಕಿ ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ನೀರು ಒಂದು ಚೂರೂ ಅಲುಗಾಡುತ್ತಿರಲಿಲ್ಲ.

"ಇವತ್ತು ನೆಟ್ಟಗಿದೆ. ಏಳು," ಅಂದರು.

ಎದ್ದೆ. ಆ ಧೈರ್ಯಸ್ಥ ಹೋಸ್ಟೇ ಸಿಕ್ಕರು. ಪಾಪ, ಕೆಲಸ. ಸಮತಟ್ಟು ನೆಲ, ಖಾಲಿ ಅಂಗಳ, ಗೌನಿನ ಬದಲು ಮೊಣಕಾಲುದ್ದದ ಬಟ್ಟೆ, ಹಿಮ್ಮಡಿ ಇಲ್ಲದ ಬೂಟು. ನೆಪವೆಲ್ಲ ಒಂದೊಂದಾಗಿ ತೆಗೆದಾಗಿತ್ತು. ಐದು ದಿನ ಓಲಾಡುವ ನೆಲಕ್ಕೆ ಒಗ್ಗಿದ್ದ ಕಾಲು ಮಾತ್ರ, ಇಲ್ಲದ ಇಳಿಜಾರಿಗೆ ಕಾದು, ಬಾರದೇ ಇದ್ದಾಗ ಅವರ ಎಡಗಾಲ ಮೇಲೆ ಇಳಿಯಿತು. ಆಮೇಲೆ ಬಲಗಾಲ ಮೇಲೆ. ಕೂತಿದ್ದ ಜಾಗದಿಂದಲೇ ಚಿಕ್ಕಮ್ಮ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.

ಹತ್ತನೇ ದಿನ ಇಳಿದೆವು. ಚಿಕ್ಕಮ್ಮ ನಾಲ್ಕೂ ಹೋಸ್ಟ್‌ಗಳಿಗೆ ಕೈ ಕುಲುಕಿದರು, ಡ್ರಮ್ಮರ್‌ಗೂ ಕುಲುಕಿದರು. ಅವನು ನನ್ನ ಬೂಟು ನೋಡಿ ತಲೆ ಬಾಗಿಸಿದ. ಇಳಿಜಾರಿನ ಸೇತುವೆ ದಾಟಿ ಗಟ್ಟಿ ಸಿಮೆಂಟು ನೆಲದ ಮೇಲೆ ಕಾಲಿಟ್ಟು ಹತ್ತು ಹೆಜ್ಜೆ ಹೋಗಿರಬೇಕು. ಸಾಮಾನು ಎಳೆಯುತ್ತಿದ್ದ ಚಿಕ್ಕಮ್ಮ ಇದ್ದಕ್ಕಿದ್ದ ಹಾಗೆ ನಿಂತು ಕಂಬ ಹಿಡಿದುಕೊಂಡರು.

"ಏನೇ ಇದು? ನೆಲ ಡೊಂಕಾಗಿದೆಯಲ್ಲೇ!"

ಹಡಗಿನಿಂದ ಇಳಿದವರಿಗೆ ಹೀಗಾಗುವುದುಂಟು. ಅಲೆಗೆ ಹೊಂದಿಕೊಂಡ ಮೆದುಳು ದಡದ ಮೇಲೂ ಅಲೆಯನ್ನೇ ಲೆಕ್ಕ ಹಾಕುತ್ತಿರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಅದನ್ನೆಲ್ಲ ನಾನು ಅವರಿಗೆ ಹೇಳಲಿಲ್ಲ. ನಲವತ್ತು ವರ್ಷ ಕಾದಿದ್ದ ಗಾದೆ ನಾಲಿಗೆ ತುದಿಗೆ ಬಂದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕಾಲ ಕೆಳಗಿನ ನೆಲವೂ ಎಡಕ್ಕೆ ವಾಲಿತು. ಗಾದೆ ಬಿಟ್ಟು ಚಿಕ್ಕಮ್ಮನ ಭುಜ ಹಿಡಿದುಕೊಂಡೆ. ಅವರು ಕಂಬ ಬಿಟ್ಟು ನನ್ನ ತೋಳು ಹಿಡಿದುಕೊಂಡರು.

ಹಿಂದೆ ಬರುತ್ತಿದ್ದ ಜನ ಪೆಟ್ಟಿಗೆ ಎಳೆದುಕೊಂಡು ನಮ್ಮನ್ನು ಸುತ್ತಿ ಹೋದರು. ಅಪ್ರದಕ್ಷಿಣೆಯಾಗಿಯೇ.